ಲೆಕ್ಕಕ್ಕೆ ಸಿಗದ ಎರಡು ಉಂಗುರ

ಆ ದಿನ ನಾನು ಮೆಟ್ಟಿಲು ಹತ್ತಿ ಓಡಿದೆ ಎಂದು ಎಷ್ಟೋ ಸಲ ಹೇಳಿದ್ದೇನೆ. ತರಬೇತಿಗೆ ಬಂದ ಹುಡುಗರಿಗೆ ಹೇಳಿದ್ದೇನೆ, ಹೆಂಡತಿಗೆ ಹೇಳಿದ್ದೇನೆ, ನಿವೃತ್ತಿಯ ದಿನ ಮೈಕಿನ ಮುಂದೆಯೂ ಹೇಳಿದ್ದೇನೆ. ಹೋದ ವರ್ಷ ಸಂಬಂಧಿಕರೊಬ್ಬರನ್ನು ನೋಡಲು ಅದೇ ಆಸ್ಪತ್ರೆಗೆ ಹೋದಾಗ ಆಪರೇಷನ್ ಥಿಯೇಟರಿನ ಮುಂದೆ ಸುಮ್ಮನೆ ನಿಂತು ನೋಡಿದೆ. ಅಲ್ಲಿ ಮೆಟ್ಟಿಲೇ ಇಲ್ಲ. ಥಿಯೇಟರ್ ಮೊದಲಿನಿಂದಲೂ ನೆಲಮಹಡಿಯಲ್ಲೇ ಇದೆಯಂತೆ. ಕಥೆ ಹೇಳಿ ಹೇಳಿ, ಅಲ್ಲೇ ದುಡಿದ ನನಗೇ ಅದು ಮರೆತುಹೋಗಿತ್ತು. ಹಾಗಾದರೆ ನಾನು ಹತ್ತಿದ್ದು ಯಾವ ಮೆಟ್ಟಿಲು?

ಮೆಟ್ಟಿಲು ಹೋದರೆ ಹೋಗಲಿ. ಆದರೆ ಅದೊಂದು ಸುಳ್ಳು ಎಂದು ಗೊತ್ತಾದ ಮೇಲೆ ಉಳಿದದ್ದರ ಮೇಲೂ ಅನುಮಾನ ಬಂತು. ಆ ಸಂಜೆ ನರ್ಸ್ ಶಾಂತಕ್ಕ ಸಾಮಾನು ತೊಳೆಯುತ್ತ, “ಎರಡು ಉಂಗುರ ಜಾಸ್ತಿ ಹೋಗ್ಯಾವಲ್ರಿ” ಎಂದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಅದು ಆ ದಿನದ್ದೋ ಬೇರೆ ದಿನದ್ದೋ, ಅಥವಾ ಮೆಟ್ಟಿಲಿನ ಹಾಗೆ ನಾನೇ ಕಟ್ಟಿಕೊಂಡದ್ದೋ?

ಉಂಗುರ ಎಂದರೆ ಬಂಗಾರದ್ದಲ್ಲ. ಮಕ್ಕಳು ಸಾಕು ಎಂದು ಬಂದ ಹೆಂಗಸರ ಅಂಡನಾಳಕ್ಕೆ ಹಾಕುವ, ಕಡಲೆಕಾಳಿಗಿಂತ ಸಣ್ಣದಾದ, ರಬ್ಬರಿನಂಥ ಬಿಳಿ ಉಂಗುರ. ಎಡದ ನಾಳಕ್ಕೊಂದು, ಬಲದ ನಾಳಕ್ಕೊಂದು. ಹಾಕಿದರೆ ದಾರಿ ಮುಚ್ಚಿತು. ಆ ದಿನ ಮೇಜಿನ ಮೇಲೆ ಮಲಗಿದವರಲ್ಲಿ ಒಬ್ಬಳು ಮಾತ್ರ ಮಕ್ಕಳು ಸಾಕೆಂದು ಬಂದವಳಲ್ಲ, ಯಾಕೆ ಆಗುತ್ತಿಲ್ಲ ಎಂದು ತಿಳಿಯಲು ಬಂದವಳು. ಅವಳನ್ನು ಆ ದಿನಕ್ಕೆ ಹೊಂದಿಸಿದವನು ನಾನು.

ಈ ಕೆಲಸಕ್ಕೆ ಈಗ ಸೇರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದರಿಂದ ನಿಮಗೆ ಉಪಯೋಗವಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹೆಂಗಸರು ಬರುತ್ತಿದ್ದ ಒಂದು ಸರಕಾರಿ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತನಾಗಿದ್ದೆ ಎಂದರೆ ಸಾಕು. ಧಾರವಾಡದಲ್ಲಿ ಎಂ.ಎ. ಓದುವಾಗ ನಮ್ಮ ಮೇಷ್ಟ್ರು ಒಂದು ಅಭ್ಯಾಸ ಹಚ್ಚಿದ್ದರು. ಯಾರು ಏನೇ ಹೇಳಲಿ, ಇನ್ನೊಂದು ಕಡೆ ವಿಚಾರಿಸದೆ ಒಪ್ಪಬಾರದು. ಆ ಅಭ್ಯಾಸ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬಂತು. ಮನೆಯಲ್ಲಿ ಬರಲಿಲ್ಲ.

ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ಅತಿ ಕಷ್ಟದ್ದು, ಮಕ್ಕಳಾಗದ ಹೆಂಗಸರಿಗೆ ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡುವ ಆಪರೇಷನ್ನಿಗೆ ದಿನ ಹೊಂದಿಸುವುದು. ಹೊಕ್ಕಳದ ಹತ್ತಿರ ಸಣ್ಣ ತೂತು ಮಾಡಿ, ಹೊಟ್ಟೆಗೆ ಗಾಳಿ ತುಂಬಿ, ಕೊಳವೆ ಇಳಿಸಿ, ಕೆಳಗಿನಿಂದ ನೀಲಿ ಬಣ್ಣದ ನೀರು ಬಿಟ್ಟು, ಅದು ನಾಳಗಳಿಂದ ಹೊರಗೆ ಬರುತ್ತದೋ ಇಲ್ಲವೋ ನೋಡುತ್ತಾರೆ. ಖಾಸಗಿಯಲ್ಲಾದರೆ ದುಡ್ಡು ಕಟ್ಟಿದ ವಾರದಲ್ಲೇ ಮುಗಿಯುತ್ತದೆ. ನಮ್ಮಲ್ಲಿ ಹಾಗಿರಲಿಲ್ಲ. ಆ ತಿಂಗಳ ಮುಟ್ಟು ಮುಗಿದ ಮೇಲೆ ಸಿಗುವ ಕೆಲವೇ ದಿನಗಳೊಳಗೆ ಸರ್ಜನ್ ಬಿಡುವಾಗಿರಬೇಕು, ಅರಿವಳಿಕೆ ಡಾಕ್ಟರ್ ಊರಲ್ಲಿರಬೇಕು, ದುರ್ಬೀನು ಬೇರೆ ತಾಲೂಕಿಗೆ ಹೋಗಿರಬಾರದು. ಒಂದು ತಪ್ಪಿದರೆ ಒಂದು ತಿಂಗಳು ಹೋಯಿತು.

ಮೇಲಿನವರಿಗೆ ಇದು ಬೇಡದ ಉಸಾಬರಿ. ನಮ್ಮ ದುರ್ಬೀನು ಸರಕಾರ ಕೊಟ್ಟದ್ದು ಕುಟುಂಬ ಯೋಜನೆಗಾಗಿ. ತಿಂಗಳ ಸಭೆಯಲ್ಲಿ ಒಬ್ಬ ಸಾಹೇಬರು ಎಲ್ಲರೆದುರು, “ನಮಗ ಪಗಾರ ಕೊಡೂದು ಮಕ್ಕಳು ನಿಲ್ಲಿಸಾಕ್ರಿ. ಇವ್ರು ನೋಡಿದ್ರ ಹುಟ್ಟಿಸಾಕ ಹೊಂಟಾರ” ಎಂದಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ನೆನಪು.

ರೇಣುಕಾ ಬಂದದ್ದು ಮೆಣಸಿನಕಾಯಿ ಸುಗ್ಗಿ ಶುರುವಾಗುವ ಹೊತ್ತಿಗೆ. ಹೆಸರು ಅದಲ್ಲ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮೋಟೆಬೆನ್ನೂರಿನ ಒಕ್ಕಲುತನದ ಮನೆಯ ಸೊಸೆ, ಮದುವೆಯಾಗಿ ಏಳೆಂಟು ವರ್ಷವಾಗಿತ್ತು. ಜೊತೆಗೆ ಅತ್ತೆ ನಿಂಗವ್ವ. ಮಾತೆಲ್ಲ ನಿಂಗವ್ವನದೇ.

“ದುರ್ಬೀನು ಹಾಕೂದು ಮಕ್ಕಳು ನಿಲ್ಲಿಸಾಕ ಅಲ್ಲೇನ್ರಿ? ನಮ್ಮ ಓಣ್ಯಾಗ ಅರ್ಧ ಮಂದಿ ಹಾಕಿಸಿಕೊಂಡಾರ. ಒಬ್ಬಾಕಿಗೂ ಆಮ್ಯಾಲ ಮಕ್ಕಳಾಗಿಲ್ಲ.”

“ಅವ್ವಾರ, ದುರ್ಬೀನು ಅಂದ್ರ ಕಣ್ಣು. ಇವರಿಗೆ ಬರೀ ನೋಡತಾರ. ಕಟ್ಟೂದು ಬ್ಯಾರೆ.”

“ನೋಡೂದು ಆ ದುರ್ಬೀನಾಗ. ಕಟ್ಟೂದು ಯಾವುದ್ರಾಗ?”

ಅದರಲ್ಲೇ ಎನ್ನಬೇಕಾಯಿತು. ನಮ್ಮದು ಹಳೆಯ ಮಾದರಿ. ಒಂದೇ ಕೊಳವೆಯಲ್ಲಿ ನೋಡುವ ಗಾಜೂ ಇತ್ತು, ಉಂಗುರ ಹಾಕುವ ಚಿಮಟವೂ ಇತ್ತು.

“ಹಂಗಾದ್ರ ನಾ ಅಂಜಿದ್ದು ಖರೇನ ಐತಿ ಬಿಡ್ರಿ,” ಎಂದು ನಿಂಗವ್ವ ನೀರು ಕುಡಿಯಲು ಎದ್ದು ಹೋದರು.

ಅವರು ಬಾಗಿಲು ದಾಟಿದ ಮೇಲೆ ರೇಣುಕಾ ಬಾಯಿ ಬಿಟ್ಟಳು. “ಸರ, ನಮ್ಮ ನೆಗೆಣ್ಣಿ ಬಸಿರದಾಳ್ರಿ.” ನೆಗೆಣ್ಣಿ ಎಂದರೆ ಗಂಡನ ಅಣ್ಣನ ಹೆಂಡತಿ. “ಮೂರನೇದು. ಗಂಡಾಗಲಿ ಹೆಣ್ಣಾಗಲಿ ನನ್ನ ಉಡ್ಯಾಗ ಹಾಕತಾರಂತ. ಹಿರ್ಯಾರೆಲ್ಲಾ ಕೂಡಿ ಮಾತಾಡಿ ಮುಗಿಸ್ಯಾರ.”

“ನಿಮಗ ಮನಸಿಲ್ಲೇನು?”

“ಕೂಸು ಯಾರಿಗೆ ಬ್ಯಾಡ್ರಿ? ಆದ್ರ ನನ್ನ ಮೈ ಏನಂತೈತಿ ಅನ್ನೂದು ಗೊತ್ತಿಲ್ದ ತಗೊಂಡ್ರ, ಅದರ ಮುಖ ನೋಡಿದಾಗೊಮ್ಮೆ ನನಗ ಸಿಟ್ಟು ಬರತೈತೇನೋ ಅಂತ ಅಂಜಿಕಿ. ಅದು ಹುಟ್ಟೂದ್ರೊಳಗ ಒಂದ್ ಮಾತು ತಿಳಿಸಿಕೊಡ್ರಿ. ಆಗತೈತಿ, ಇಲ್ಲಾ ಆಗಂಗಿಲ್ಲ. ಎರಡರಾಗ ಒಂದು.”

ಡಾಕ್ಟರುಗಳು ಎರಡರಲ್ಲಿ ಒಂದು ಹೇಳುವುದು ಅಪರೂಪ ಎಂದು ನನಗೆ ಗೊತ್ತಿತ್ತು. ಆದರೂ ಹೂಂ ಅಂದೆ. ನೆಗೆಣ್ಣಿಗೆ ದಿನ ತುಂಬುವುದು ಬೇಸಿಗೆಯ ನಡುವೆ. ಅಲ್ಲಿಯವರೆಗೆ ಬೇಕಾದಷ್ಟು ಸಮಯವಿದೆ ಅನ್ನಿಸಿತು.

ಮೊದಲು ತಡವಾದದ್ದು ಗಂಡನಿಂದ. ಗಂಡನ ಪರೀಕ್ಷೆಯಾಗದೆ ಹೆಂಡತಿಯ ಹೊಟ್ಟೆ ಮುಟ್ಟುವುದಿಲ್ಲ ಎಂಬುದು ನಮ್ಮ ಸರ್ಜನ್ ಮಾಲತಿ ಮೇಡಂ ಅವರ ನಿಯಮ. ಒಳ್ಳೆಯ ನಿಯಮ. ಎಷ್ಟೋ ಹೆಂಗಸರನ್ನು ಸುಮ್ಮನೆ ಕೊಯ್ಯಿಸಿಕೊಳ್ಳುವುದರಿಂದ ಅದು ಉಳಿಸಿದೆ. ಆದರೆ ಗಂಡ ಮಲ್ಲೇಶ ಬ್ಯಾಡಗಿ ಮಾರುಕಟ್ಟೆಯಿಂದ ಕೋಲ್ಡ್ ಸ್ಟೋರೇಜಿಗೆ ಮೆಣಸಿನಕಾಯಿ ಚೀಲ ಹೇರುವ ಗಾಡಿಯ ಡ್ರೈವರ್. ಫೋನ್ ಮಾಡಿದಾಗೆಲ್ಲ “ಸೀಜನ್ ಐತ್ರಿ ಸರ” ಎನ್ನುತ್ತಿದ್ದ. ಕೊನೆಗೊಂದು ಬೆಳಿಗ್ಗೆ ಬಂದ.

“ನನ್ನ ಕಡಿಂದ ಏನೂ ಐಬಿಲ್ರಿ. ದಿನಾ ಚೀಲ ಹೊರತೇನಿ.”

“ಚೀಲ ಹೊರೂದಕ್ಕೂ ಇದಕ್ಕೂ ಸಂಬಂಧಿಲ್ಲಪಾ,” ಎಂದು ಡಬ್ಬಿ ಕೈಗೆ ಕೊಟ್ಟೆ. ಅದಕ್ಕೆಂದು ಬೇರೆ ಕೋಣೆ ಇರಲಿಲ್ಲ. ಹೊರರೋಗಿಗಳ ಶೌಚಾಲಯ ತೋರಿಸಿದೆ. ಸ್ವಲ್ಪ ಹೊತ್ತಿಗೆ ಬೆವರೊರೆಸುತ್ತ ಖಾಲಿ ಡಬ್ಬಿ ಹಿಡಿದು ಬಂದ.

“ಸರ, ಹೊರಗ ಒಬ್ಬ ಮುದುಕ ಬಾಗಲಾ ಬಡ್ಯಾಕತ್ತಾನ. ‘ಲಗೂ ಮುಗಸೋ ತಮ್ಮಾ, ನನಗ ತಡ್ಯಾಕಾಗವಲ್ದು’ ಅಂತಾನ. ಹ್ಯಾಂಗ್ರಿ ಆಗಬೇಕು?”

ನನ್ನ ಕೋಣೆಯ ಕೀಲಿ ಕೊಟ್ಟು ನಾನು ಹೊರಗೆ ಕಾವಲು ನಿಂತೆ. ನಿಮಗೆ ಈಗ ಅದಕ್ಕೊಂದು ಕೋಣೆ ಇದೆಯೆಂದು ಕೇಳಿದ್ದೇನೆ. ಇದ್ದರೆ ಒಳಗಿನ ಚಿಲಕ ಗಟ್ಟಿಯಿದೆಯೇ ನೋಡಿ. ಮಲ್ಲೇಶನ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಅವನು ಎದೆಯುಬ್ಬಿಸಿ ಹೋದ. ರೇಣುಕಾ ಇನ್ನಷ್ಟು ಕುಗ್ಗಿದಳು.

ದಿನ ಗೊತ್ತಾಯಿತು. ಅವಳನ್ನು ಹಿಂದಿನ ದಿನವೇ ಸೇರಿಸಿಕೊಂಡೆವು. ಅರಿವಳಿಕೆ ಕೊಡುವ ಡಾಕ್ಟರ್ ಇನಾಮದಾರ ಬಂದು ಎದೆಗೆ ಸ್ಟೆತೊಸ್ಕೋಪ್ ಇಟ್ಟರು. ಇಟ್ಟಷ್ಟೇ ಬೇಗ ತೆಗೆದರು.

“ಯಾವ ಊರವ್ವಾ?”

“ಮೋಟೆಬೆನ್ನೂರ್ರಿ.”

“ಮೆಣಸಿನಕಾಯಿ ತೊಟ್ಟು ಬಿಡಿಸಾಕ ಹೋಗ್ತೀಯೇನು?”

“ಹೋಗ್ತೇನ್ರಿ. ಮನೀಗೂ ತರತೇವ್ರಿ.” ಹೇಳುತ್ತ ಕೆಮ್ಮಿದಳು. ಒಣ ಕೆಮ್ಮು, ನಿಲ್ಲುತ್ತಲೇ ಇರಲಿಲ್ಲ. ಬ್ಯಾಡಗಿ ಸುತ್ತ ಸುಗ್ಗಿಯಲ್ಲಿ ಹೆಂಗಸರು ದಿನವಿಡೀ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತಿರುತ್ತಾರೆ. ಆ ಘಾಟು ಎದೆಯಲ್ಲಿ ಕೂತುಬಿಟ್ಟಿರುತ್ತದೆ. ಅಲ್ಲಿನವರಿಗೆ ಅದು ಕೆಮ್ಮು ಅಂತಲೇ ಅನ್ನಿಸುವುದಿಲ್ಲ. ಕೆಮ್ಮು ಇದೆಯೇ ಎಂದು ಕೇಳಿದಾಗ ಅವಳು ನನಗೆ ಇಲ್ಲ ಎಂದಿದ್ದಳು. ಅವಳ ಲೆಕ್ಕದಲ್ಲಿ ಅದು ಖರೇನೇ.

ಇನಾಮದಾರರು ನನ್ನ ಕಡೆ ತಿರುಗಿದರು. “ಹೊಟ್ಟಿಗೆ ಗಾಳಿ ತುಂಬಿ, ತಲಿ ಕೆಳಗ ಮಾಡಿ ಮಲಗಿಸಿರತೇವಿ. ಒಳಗ ಕೊಳವಿ ಇದ್ದಾಗ ಈಕಿ ಕೆಮ್ಮಿದ್ರ ನೀವು ಬಂದು ಹಿಡೀತೀರೇನ್ರಿ? ಎದಿ ಸ್ವಚ್ಛ ಆಗೂ ತನಕ ನಾ ಮುಟ್ಟಾಂಗಿಲ್ಲ.”

ನೀವು ಆ ಭಾಗದಲ್ಲಿ ಕೆಲಸ ಮಾಡುವುದಾದರೆ ಕೆಮ್ಮು ಇದೆಯೇ ಎಂದು ಕೇಳಬೇಡಿ. ದಿನಾ ಏನು ಕೆಲಸಕ್ಕೆ ಹೋಗುತ್ತೀರಿ ಎಂದು ಕೇಳಿ. ಆಮೇಲೆ ನಾನು ಬ್ಯಾಡಗಿ ಕಡೆಯ ಹೆಂಗಸರಿಗೆ ಸುಗ್ಗಿಯಲ್ಲಿ ದಿನವನ್ನೇ ಕೊಡುತ್ತಿರಲಿಲ್ಲ. ಆದರೆ ರೇಣುಕಾಳಿಗೆ ಸುಗ್ಗಿ ಮುಗಿಯುವವರೆಗೆ ಕಾಯುವಷ್ಟು ಸಮಯವಿರಲಿಲ್ಲ. ನೆಗೆಣ್ಣಿಯ ಹೊಟ್ಟೆ ಬೆಳೆಯುತ್ತಿತ್ತು.

ಇದ್ದದ್ದು ಒಂದೇ ಉಪಾಯ. ಘಾಟಿಲ್ಲದ ಊರಿಗೆ ಅವಳನ್ನು ಕಳಿಸುವುದು. ಅವಳ ತವರು ರಾಣೆಬೆನ್ನೂರಿನ ಹತ್ತಿರದ ಹಲಗೇರಿ. ನಿಂಗವ್ವನನ್ನು ಕರೆಸಿ ಹೇಳಿದೆ.

“ಸುಗ್ಗ್ಯಾಗ ಸೊಸಿ ತವರಿಗೆ ಹೋದ್ರ ಮಂದಿ ಏನಂದಾರ್ರಿ? ಬಿಟ್ಟು ಹ್ವಾದ್ಲು ಅಂತಾರ.”

“ಎದಿ ಸುಧಾರಿಸಬೇಕಲ್ಲವ್ವಾ.”

“ನಮ್ಮೆದಿಗೆ ಏನಾಗೇತಿ? ನಾ ಹುಟ್ಟಿದಾಗಿಂದ ಇದ ಗಾಳಿ ಕುಡದೇನಿ,” ಎಂದವರು ಅಲ್ಲೇ ಒಂದು ಸುತ್ತು ಕೆಮ್ಮಿದರು. ತಾವೇ ನಕ್ಕರು. ಎರಡು ದಿನ ಬಿಟ್ಟು ತಾವೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಹಲಗೇರಿಯಲ್ಲಿ ಬಿಟ್ಟು ಬಂದರು. ಊರಲ್ಲಿ ಕೇಳಿದವರಿಗೆ ಬೀಗರ ಮನೆಯಲ್ಲಿ ಬಾಣಂತಿಯೊಬ್ಬಳಿದ್ದಾಳೆ ಎಂದು ಹೇಳಿದರಂತೆ.

ಹಲಗೇರಿಯಲ್ಲಿ ಕೆಮ್ಮು ನಿಂತಿತು. ಆದರೆ ಮುಟ್ಟು ತಡವಾಯಿತು. ರೇಣುಕಾ ಫೋನ್ ಮಾಡಿ, “ಇನ್ನೂ ಇಲ್ರೀ ಸರ” ಎನ್ನುವಾಗ ಅವಳ ದನಿಯಲ್ಲಿ ಒಂದು ಆಸೆ ಇರುತ್ತಿತ್ತು. ನನಗೆ ಅದನ್ನು ಕೇಳಲಾಗುತ್ತಿರಲಿಲ್ಲ. ಆಮೇಲೊಂದು ದಿನ ಆಸೆ ಮುಗಿಯಿತು. ಆಪರೇಷನ್ ಮಾಡಬಹುದಾದ ದಿನಗಳನ್ನು ಲೆಕ್ಕ ಹಾಕಿದರೆ ನಮ್ಮ ಮಾಮೂಲಿ ದಿನ ಹಬ್ಬದ ರಜೆ. ಅದರ ಮುಂದಿನ ವಾರಕ್ಕೆ ಸಮಯ ಮೀರುತ್ತದೆ. ಮುಂದಿನ ತಿಂಗಳಿಗೆ ನೆಗೆಣ್ಣಿ ಹೆತ್ತಿರುತ್ತಾಳೆ. ಉಳಿದದ್ದು ಒಂದೇ ದಿನ, ಕುಟುಂಬ ಯೋಜನೆಯ ಶಿಬಿರದ ದಿನ.

ಮಾಲತಿ ಮೇಡಂ ಮೊದಲು ಬೇಡವೆಂದರು. ಆಮೇಲೆ ಒಂದು ಶರತ್ತು ಹಾಕಿದರು. “ಎಲ್ಲಾರದೂ ಮುಗದ ಮ್ಯಾಲ ಆಕಿ. ಕಡೀಕೆ. ಕೊಳವ್ಯಾಗ ಉಂಗುರ ತುಂಬೂದು ನಿಂತ ಮ್ಯಾಲ. ನಡುವ ಬ್ಯಾಡ.”

ನಾನು ಇನ್ನೊಂದು ಎಚ್ಚರಿಕೆ ಸೇರಿಸಿದೆ. ರೇಣುಕಾಳನ್ನು ಕೂರಿಸಿಕೊಂಡು ಹೇಳಿಕೊಟ್ಟೆ. “ಒಳಗ ಯಾರಾದರೂ ಹೆಸರು ಕೇಳಿದ್ರ ಬರೀ ಹೆಸರು ಹೇಳಬ್ಯಾಡ್ರಿ. ‘ನಾ ನೋಡಸಾಕ ಬಂದಾಕಿ, ಕಟ್ಟಸಾಕ ಅಲ್ಲ’ ಅನ್ರಿ. ನರ್ಸ್ ಕೇಳಲಿ, ಡಾಕ್ಟರ್ ಕೇಳಲಿ, ಕಸಾ ಹೊಡಿಯಾಕಿ ಕೇಳಲಿ, ಇದನ್ನ ಹೇಳ್ರಿ.”

“ಯಾರೂ ಕೇಳದಿದ್ರ?” ಎಂದಳು.

“ಕೇಳದಿದ್ರೂ ಹೇಳ್ರಿ.”

ಆ ದಿನ ಬೆಳಿಗ್ಗೆ ವರಾಂಡದಲ್ಲಿ ಹೆಂಗಸರು ಸಾಲಾಗಿ ಮಲಗಿದ್ದರು. ಮೇಡ್ಲೇರಿ ಕಡೆಯಿಂದ ಒಂದು ಗಾಡಿ, ಬ್ಯಾಡಗಿ ಕಡೆಯಿಂದ ಒಂದು ಗಾಡಿ ಬಂದಿತ್ತು. ಎಲ್ಲರಿಗೂ ಒಂದೇ ಹಸಿರು ಗೌನು, ಒಂದೇ ಮಂಪರಿನ ಸೂಜಿ. ಎಲ್ಲರ ಮುಖವೂ ಒಂದೇ ಥರ ಸಡಿಲವಾಗಿತ್ತು. ಯಾರು ಯಾರೆಂದು ಹೇಳಲು ಸೀರೆಯೂ ಇಲ್ಲ, ಕುಂಕುಮವೂ ಇಲ್ಲ. ಸಾಲಿನ ತುದಿಯಲ್ಲಿ ರೇಣುಕಾ. ನಿಂಗವ್ವ ಅವಳ ತಲೆಯ ಹತ್ತಿರ ಕೂತು, ಹಾದುಹೋದ ಪ್ರತಿಯೊಬ್ಬರಿಗೂ, “ಈಕಿ ಬ್ಯಾರೇರಿ, ಈಕಿ ಆ ಪೈಕಿ ಅಲ್ರಿ” ಎನ್ನುತ್ತಿದ್ದರು. ಪಕ್ಕದ ಹೆಂಗಸಿನ ತಾಯಿ ಸಿಟ್ಟಿಗೆದ್ದು, “ನಮ್ಮಾಕಿ ಏನ್ ಕಳುವು ಮಾಡಿ ಬಂದಾಳೇನಬೇ?” ಎಂದಳು.

ರಕ್ತದ ಬಾಟಲಿಯೊಂದನ್ನು ಕಾಯ್ದಿರಿಸಬೇಕಿತ್ತು. ಮಲ್ಲೇಶನನ್ನು ಕರೆದುಕೊಂಡು ರಕ್ತನಿಧಿಗೆ ಹೋದೆ. ಅವಳ ಸರದಿಗೆ ಇನ್ನೂ ತುಂಬಾ ಹೊತ್ತಿತ್ತು. ಅಲ್ಲಿ ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ವಾಪಸು ಬಂದಾಗ ಸಾಲು ಹಾಗೇ ಇತ್ತು, ತುದಿಯ ಜಾಗ ಮಾತ್ರ ಖಾಲಿ. ನಿಂಗವ್ವ ಎದ್ದು ನಿಂತಿದ್ದರು.

“ಒಯ್ದ್ರಲ್ರೀ! ನೀವು ಕಡೀಕೆ ಅಂದಿದ್ರಿ. ಈಗೇ ಒಯ್ದ್ರು!”

ಆಮೇಲೆ ತಿಳಿದದ್ದು ಹೀಗೆ. ಇನಾಮದಾರರಿಗೆ ಬೇರೆ ಕಡೆಯಿಂದ ತುರ್ತು ಹೆರಿಗೆಯ ಕರೆ ಬಂದಿತ್ತು. ಉಂಗುರ ಹಾಕಿಸಿಕೊಳ್ಳುವವರಿಗೆ ಅವರು ಬೇಕಿರಲಿಲ್ಲ, ಅದಕ್ಕೆ ಆ ಜಾಗ ಮಾತ್ರ ಮರಗಟ್ಟಿಸಿದರೆ ಸಾಕು. ಪೂರ್ತಿ ಅರಿವಳಿಕೆ ಬೇಕಾದದ್ದು ರೇಣುಕಾಳಿಗೊಬ್ಬಳಿಗೇ. ಹಾಗಾಗಿ ಅವಳನ್ನು ನಡುವೆಯೇ ಒಳಗೆ ಎಳೆದುಕೊಂಡರು. ಅವರ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಅವರು ಹೊರಟುಹೋಗಿದ್ದರೆ ಆಪರೇಷನ್ನೇ ಇಲ್ಲ.

ನಾನು ಓಡಿದೆ. ಮೆಟ್ಟಿಲಿರಲಿಲ್ಲ, ಆದರೆ ಓಡಿದ್ದು ನಿಜವಿರಬೇಕು, ಯಾಕೆಂದರೆ ಚಪ್ಪಲಿ ಕಳಚಿಹೋಗಿ ಮಲ್ಲೇಶ ಅದನ್ನು ಹಿಡಿದು ಹಿಂದೆ ಬಂದದ್ದು ಅವನಿಗೂ ನೆನಪಿದೆ. ಥಿಯೇಟರಿನ ಬಾಗಿಲು ಬಡಿದೆ. ಶಾಂತಕ್ಕ ಮುಸುಕು ಹಾಕಿದ ಮುಖ ಹೊರಗೆ ಚಾಚಿದರು.

“ಒಳಗಿರಾಕಿ ನೋಡಸಾಕ ಬಂದಾಕಿ! ಕಟ್ಟಸಾಕ ಅಲ್ಲ!”

“ಗೊತ್ತೈತ್ರಿ, ಚೀರಬ್ಯಾಡ್ರಿ,” ಎಂದು ಬಾಗಿಲು ಹಾಕಿಕೊಂಡರು.

ಗೊತ್ತಿತ್ತೋ, ನನ್ನನ್ನು ಓಡಿಸಲು ಹಾಗಂದರೋ? ನಿಮ್ಮ ಕಾಲದ ದುರ್ಬೀನಿಗೆ ಕ್ಯಾಮೆರಾ ಇದೆ, ಒಳಗಿದ್ದವರೆಲ್ಲ ಪರದೆಯಲ್ಲಿ ನೋಡಬಹುದು. ನಮ್ಮದರಲ್ಲಿ ಸರ್ಜನ್ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಗಾಜಿಗೆ ಒತ್ತಿ ನೋಡಬೇಕು. ಒಳಗೆ ಏನಾಯಿತೆಂಬುದಕ್ಕೆ ಆ ಒಂದು ಕಣ್ಣೇ ಸಾಕ್ಷಿ. ಬೆಳಗಿನಿಂದ ಒಬ್ಬರಾದ ಮೇಲೊಬ್ಬರಿಗೆ ಹಾಕು, ಎಳೆ, ಬಿಡು ಎಂದು ಮಾಡುತ್ತಿದ್ದ ಕೈಗೆ ರೂಢಿ ಎಂಬುದೊಂದು ಇರುತ್ತದಲ್ಲ. ಬಾಗಿಲ ಹೊರಗೆ ನಿಂತು ನಾನು ಅದನ್ನೇ ಯೋಚಿಸಿದೆ.

ಮೇಡಂ ಹೊರಗೆ ಬಂದು ಮಲ್ಲೇಶನಿಗೆ ಹೇಳಿದರು. “ಬಲಗಡೆ ನೀಲಿ ಚಲೋ ಹರೀತು. ಎಡಗಡೆ ಬರಲಿಲ್ಲ. ಒಂದು ದಾರಿ ಸಾಕು. ಆಗಬಹುದು. ಆಗೇ ಆಗತೈತಿ ಅಂತ ನಾ ಹೇಳಾಂಗಿಲ್ಲ.”

ಎರಡರಲ್ಲಿ ಒಂದಲ್ಲ. ನಾನು ಮೊದಲೇ ಅಂದುಕೊಂಡ ಹಾಗೆ, ಮೂರನೆಯದು.

ಆ ಸಂಜೆ, ರೇಣುಕಾ ಇನ್ನೂ ಮಂಪರಿನಲ್ಲಿ ವಾರ್ಡಿನ ಬಾಗಿಲ ಹತ್ತಿರದ ಮಂಚದ ಮೇಲಿದ್ದಾಗ, ಶಾಂತಕ್ಕ ಹೊರಗಿನ ನಲ್ಲಿಯ ಹತ್ತಿರ ನಿಂತು ನನಗೆ ಉಂಗುರದ ಮಾತು ಹೇಳಿದ್ದು. ಅಥವಾ ಹೇಳಿದ್ದೆಂದು ನನ್ನ ನೆನಪು. “ಎರಡು ಜಾಸ್ತಿ ಹೋಗ್ಯಾವಲ್ರಿ. ತುಂಬೂವಾಗ ಹರದಿರಬೇಕು.” ಹರದಾವು ಎನ್ನಲಿಲ್ಲ, ಹರದಿರಬೇಕು ಎಂದರು.

ಮರುದಿನ ಮೇಡಂ ಅವರ ಕೋಣೆಗೆ ಹೋದೆ. “ಮೇಡಂ, ಆ ಮೋಟೆಬೆನ್ನೂರಾಕಿದು, ಬರೀ ನೋಡಿದ್ದಲ್ರಿ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಮಗ ಯಾರ ಮ್ಯಾಲೂ ನಂಬಿಗಿ ಇಲ್ಲೇನ್ರಿ?”

ನಾನು ಶಾಂತಕ್ಕನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಅವರಿಗೆ ನೋಟಿಸು ಬರುತ್ತಿತ್ತು, ಉತ್ತರ ಸಿಗುತ್ತಿರಲಿಲ್ಲ. ಮೇಡಂ ತುಂಬಾ ದಿನ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಹಿಂದಿನ ದಿನ ಅವರು ಮಲ್ಲೇಶನಿಗೆ ಹೇಳಿದ್ದನ್ನು ನಂಬದಿರಲು ನನಗೆ ಕಾರಣವಿರಲಿಲ್ಲ. ನಂಬಲೂ ಆಗಲಿಲ್ಲ.

ನೆಗೆಣ್ಣಿ ಹೆಣ್ಣುಮಗು ಹೆತ್ತಳು. ರೇಣುಕಾ ಅದನ್ನು ಉಡಿಯಲ್ಲಿ ತೆಗೆದುಕೊಂಡಳು. ಕೆಲವು ತಿಂಗಳ ಮೇಲೆ ಮತ್ತೆ ತೋರಿಸಲು ಬಂದಾಗ ಮಗುವನ್ನೂ ಎತ್ತಿಕೊಂಡು ಬಂದಿದ್ದಳು. “ಈಗ ಚೊಲೋ ಆತ್ರಿ ಸರ. ಆಗಬಹುದು ಅಂದಾರಲ್ಲ. ಈಗ ತಗೊಂಡ್ರ ನಾ ಸೋತು ತಗೊಂಡಂಗ ಆಗಂಗಿಲ್ಲ.” ಹಾಗೆ ಹೇಳುವ ಹೊತ್ತಿಗೆ ಆ ಮಗು ಅವಳ ತಾಳಿ ಹಿಡಿದು ಜಗ್ಗುತ್ತಿತ್ತು. ನಾನು ಎದುರಿಗೆ ಕೂತು, ‘ಆಗಬಹುದು’ ಎಂಬುದು ಈಗಲೂ ನಿಜವೇ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ.

ನಿಂಗವ್ವ ಒಳಗೆ ಬರಲಿಲ್ಲ. ನಾನು ಹೊರಗೆ ಬಂದಾಗ ಮಾತ್ರ ನನ್ನನ್ನು ನಿಲ್ಲಿಸಿ, “ಸರ, ನಮ್ಮ ಓಣ್ಯಾಗಿನ ಕಟ್ಟಿಸಿಕೊಂಡಾಕಿ ಹೊಟ್ಟಿ ಮ್ಯಾಲ ಎಂಥಾ ಗಾಯ ಐತ್ಯೋ ನಮ್ಮ ಸೊಸಿದೂ ಅಂಥಾದ್ದ ಐತ್ರಿ” ಎಂದರು. ತೂತು ಒಂದೇ ಥರ ಇರುತ್ತದೆ ಎಂದೆ. ಅದು ನಿಜ. ಆದರೆ ಅವರು ಕೇಳಿದ್ದು ಅದಲ್ಲ.

ಆಮೇಲೆ ವರ್ಷಗಳು ಹೋದವು. ಪ್ರತಿ ಸುಗ್ಗಿಯಲ್ಲಿ ಮೋಟೆಬೆನ್ನೂರಿನ ಆಶಾ ಕಾರ್ಯಕರ್ತೆ ಸಿಕ್ಕಾಗ, ಬೇರೆ ಏನೋ ಮಾತಾಡುತ್ತಾ ನಡುವೆ ರೇಣುಕಾಳ ಸುದ್ದಿ ಕೇಳುತ್ತಿದ್ದೆ. “ಮಗಳು ಚಲೋ ಬೆಳ್ಯಾಕತ್ತಾಳ್ರಿ” ಎನ್ನುತ್ತಿದ್ದಳು. ಇನ್ನೊಂದರ ಸುದ್ದಿ ಇರುತ್ತಿರಲಿಲ್ಲ. ಒಂದೇ ನಾಳವಿದ್ದವರಿಗೆ ತಡವಾಗುವುದು ಸಹಜ, ಆಗದಿರುವುದೂ ಸಹಜ. ಹಾಗಾಗಿ ಏನೂ ಸಾಬೀತಾಗುತ್ತಿರಲಿಲ್ಲ. ಹಾಗೇ ನಿವೃತ್ತನಾದೆ.

ಮೆಟ್ಟಿಲಿಲ್ಲ ಎಂದು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ಮೊದಲು ಶಾಂತಕ್ಕನ ಮನೆಗೆ ಹೋದೆ. ಅವರೂ ನಿವೃತ್ತರು. ಚಹಾ ಕೊಟ್ಟರು. “ಉಂಗುರ ಹರಿಯೂದು ದಿನಾ ಇದ್ದದ್ದ ಬಿಡ್ರಿ. ಅವತ್ತ ಅಂದೆ ಅಂತ ಹ್ಯಾಂಗ ಹೇಳ್ಲಿ? ನೀವು ಬಾಗಲಾ ಬಡದದ್ದೊಂದು ನೆನಪೈತಿ. ಆಪರೇಷನ್ ನಡದಾಗ ಅಷ್ಟು ಜೋರು ಬಾಗಲಾ ಬಡದಾವ್ರು ನೀವೊಬ್ರ.”

ಆಮೇಲೆ ಮೋಟೆಬೆನ್ನೂರಿಗೆ. ರೇಣುಕಾ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಒಂದು ಸಣ್ಣ ಗಂಡುಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ನಾನು ಮಗುವನ್ನೇ ನೋಡಿದೆ.

“ನನ್ನವನ್ರಿ,” ಎಂದಳು ರೇಣುಕಾ, ನಾನು ಕೇಳುವ ಮೊದಲೇ. “ರಾಣೆಬೆನ್ನೂರಾಗ ಆದ. ಹೊಟ್ಟಿ ಕೊಯ್ದು ತಗದ್ರು.”

ಹೇಗೆ ಕೇಳುವುದೆಂದು ತೋಚದೆ, “ಅವತ್ತು ಒಳಗ ಹೋದಾಗ, ನಾ ಕಲಿಸಿದ ಮಾತು ಹೇಳಿದ್ರೇನು?” ಎಂದೆ.

“ಹೇಳಿದೆ ಅನಸ್ತೈತ್ರಿ. ಬಾಯಿಂದ ಹೊರಗ ಬಂತೋ, ಮನಸಿನಾಗ ಅಂದ್ನೋ ಗೊತ್ತಿಲ್ಲ.” ಅಕ್ಕಿಯ ಮೊರ ಪಕ್ಕಕ್ಕಿಟ್ಟಳು. “ಸರ, ಈತ ಹುಟ್ಟೂವಾಗ ಸೊಂಟದ ಕೆಳಗಷ್ಟ ಮರಗಟ್ಟಿತ್ತು, ನಾ ಎಚ್ಚರಿದ್ದೆ. ಕೂಸು ಅಳ್ತು. ಡಾಕ್ಟರು ‘ಗಂಡುಮಗಾ ಅವ್ವಾ’ ಅಂದ್ರು. ನಾ ಏನ್ ಕೇಳಿದೆ ಗೊತ್ತೇನ್ರಿ? ‘ಮೇಡಮ್ಮಾರ, ಒಳಗ ಉಂಗುರ ಅದಾವೇನು ನೋಡ್ರಿ’ ಅಂದೆ.”

“ಉಂಗುರದ ಸುದ್ದಿ ನಿಮಗ ಯಾರು ಹೇಳಿದ್ರು?”

“ಶಾಂತಕ್ಕಾರು ನಿಮಗ ಹೇಳಿದ್ರಲ್ರಿ, ಅವತ್ತ ಸಂಜೀಕೆ, ನಲ್ಲಿ ಹತ್ರ. ಎರಡು ಜಾಸ್ತಿ ಹೋಗ್ಯಾವ ಅಂತ. ನನಗ ಕೇಳಸ್ತು.”

“ಹಂಗಾದ್ರ ನನ್ನ ಯಾಕ ಕೇಳಲಿಲ್ಲ?”

“ಮರದಿನ ನಿಮ್ಮ ಮುಖ ನೋಡಿದೆ. ನಿಮಗೂ ಗೊತ್ತಿಲ್ಲ ಅನ್ನೂದು ಗೊತ್ತಾತು.” ನಕ್ಕಳು. “ನಮ್ಮತ್ತಿಗೂ ಹೇಳಲಿಲ್ಲ, ಇವರಿಗೂ ಹೇಳಲಿಲ್ಲ. ಹೇಳಿದ್ರ ಆಗೂದೂ ಆಗಂಗಿಲ್ಲ ಅನಸ್ತಿತ್ತು.”

ಅಷ್ಟು ವರ್ಷ ಒಂದೇ ಮಾತನ್ನು ನಾವಿಬ್ಬರೂ ಬೇರೆ ಬೇರೆ ಊರಲ್ಲಿ ಕೂತು ಹೊತ್ತಿದ್ದೆವು. ನಾನು ಅದನ್ನು ಅನುಮಾನ ಎಂದು ಕರೆದು ಆರಾಮಾಗಿದ್ದೆ. ಅವಳಿಗೆ ಅದು ತನ್ನ ಮೈ.

“ಡಾಕ್ಟರು ಏನಂದ್ರು?” ಎಂದೆ.

“ಇಲ್ಲವ್ವಾ ಅಂದ್ರು.”

ಉಂಗುರ ಹಾಕಿದ ಮೇಲೂ ಎಲ್ಲೋ ಒಬ್ಬರಿಗೆ ಮಗುವಾಗುವುದುಂಟು. ಹೊಟ್ಟೆ ತೆರೆದು ಮಲಗಿದವಳಿಗೆ ಸಮಾಧಾನಕ್ಕೆಂದು ಏನಾದರೂ ಹೇಳುವುದೂ ಉಂಟು. ನನ್ನ ಮುಖ ನೋಡಿ ರೇಣುಕಾಳಿಗೆ ಈ ಸಲವೂ ಗೊತ್ತಾಗಿರಬೇಕು. “ಹೋಗಿ ಕೇಳ್ಕೊಂಡ ಬರ್ರಿ ಸರ. ನಾ ಕೇಳಾಕ ಹೇಳೇನಿ ಅನ್ರಿ” ಎಂದು, ನಾನು ಬರುತ್ತೇನೆ, ಕೇಳಿದ್ದಕ್ಕೆ ಹೇಳಿ ಎಂದು ಆ ಡಾಕ್ಟರಿಗೆ ತಾನೇ ಫೋನ್ ಮಾಡಿ ತಿಳಿಸಿದಳು.

ರಾಣೆಬೆನ್ನೂರಿನ ಆ ಡಾಕ್ಟರನ್ನು ಮುಂದಿನ ವಾರ ಕಂಡೆ. ಆ ಹೆರಿಗೆ ಅವರಿಗೆ ಚೆನ್ನಾಗಿ ನೆನಪಿತ್ತು. ಕೂಸು ಅಳುತ್ತಿರುವಾಗ ಅಂಥ ಪ್ರಶ್ನೆ ಕೇಳಿದ ತಾಯಿ ಅವರಿಗೆ ಇನ್ನೊಬ್ಬಳು ಸಿಕ್ಕಿರಲಿಲ್ಲವಂತೆ. ಆಕೆ ಕೇಳಿದ್ದಕ್ಕೇ ಹೊಲಿಗೆ ಹಾಕುವ ಮೊದಲು ಎರಡೂ ನಾಳಗಳನ್ನು ಎತ್ತಿ, ಬುಡದಿಂದ ತುದಿಯವರೆಗೆ ಕೈಯಾಡಿಸಿ ನೋಡಿದ್ದರು. ಎಡಕ್ಕೂ ಉಂಗುರವಿರಲಿಲ್ಲ, ಬಲಕ್ಕೂ ಇರಲಿಲ್ಲ.